ಗೋರಿಯೊಳಗಿನ ಮಣ್ಣಿನ ಪಾತ್ರೆಗಳು



ಪ್ರಾಚೀನ ರೋಮ್ ಎಂದೊಡನೆ ನಿಮ್ಮ ಕಣ್ಣ ಮುಂದೆ ಏನು ಬರುತ್ತದೆ? ಜೂಲಿಯಸ್ ಸೀಸರ್, ಅಮೃತಶಿಲೆಯ ಕಂಬಗಳು, ಕೊಲೋಸಿಯಮ್, ದಂಡು ನಡೆಯುವ ನೇರವಾದ ರಸ್ತೆಗಳು. ಪಠ್ಯಪುಸ್ತಕದಲ್ಲಿ ಇರುವುದೂ ಬಹುಮಟ್ಟಿಗೆ ಇವೇ. ಆದರೆ ಆ ಸಾಮ್ರಾಜ್ಯದಲ್ಲಿ ಹುಟ್ಟಿ ಬಾಳಿದ ಕೋಟ್ಯಂತರ ಜನರಲ್ಲಿ ಸೀಸರ್‌ಗಳು ಎಷ್ಟು ಮಂದಿ? ಉಳಿದವರು ರೊಟ್ಟಿ ಸುಡುವವರು, ಹಮಾಲರು, ಗುಲಾಮರು, ಸೂಲಗಿತ್ತಿಯರು, ಸಿಪಾಯಿಗಳು, ಎಳೆಯ ಮಕ್ಕಳು. ಅವರ ಹೆಸರನ್ನು ಯಾವ ಇತಿಹಾಸಕಾರನೂ ಬರೆದಿಡಲಿಲ್ಲ. ಅವರಲ್ಲಿ ಅನೇಕರಿಂದ ನಮಗೆ ಉಳಿದಿರುವುದು ಒಂದು ಹಿಡಿ ಬೆಂದ ಮೂಳೆ, ಅದರ ಪಕ್ಕದಲ್ಲಿ ಯಾರೋ ಇಟ್ಟುಹೋದ ಎರಡು ಮೂರು ಮಣ್ಣಿನ ಪಾತ್ರೆಗಳು, ಅಷ್ಟೆ. ಆ ಪಾತ್ರೆಗಳು ಏನು ಹೇಳುತ್ತವೆ, ಅವುಗಳ ಮಾತನ್ನು ವಿದ್ವಾಂಸರು ಹೇಗೆ ಕೇಳಿಸಿಕೊಳ್ಳುತ್ತಾರೆ ಎಂಬುದೇ ಇಂದಿನ ವಿಷಯ.

ಮೊದಲು ಒಂದು ಸರಳ ಪ್ರಶ್ನೆ. ಮಣ್ಣಿನ ಪಾತ್ರೆಗೆ ಇಷ್ಟು ಮಹತ್ವ ಏಕೆ? ಬಟ್ಟೆ ಕೊಳೆಯುತ್ತದೆ. ಮರಕ್ಕೆ ಹುಳು ಹಿಡಿಯುತ್ತದೆ. ಕಬ್ಬಿಣ ತುಕ್ಕು ತಿನ್ನುತ್ತದೆ. ಚಿನ್ನ, ಬೆಳ್ಳಿ, ಕಂಚುಗಳನ್ನು ಜನ ಕರಗಿಸಿ ಮತ್ತೆ ಬಳಸುತ್ತಾರೆ. ಆದರೆ ಒಮ್ಮೆ ಆವಿಗೆಯಲ್ಲಿ ಬೆಂದ ಮಣ್ಣು ಮತ್ತೆ ಹಸಿ ಮಣ್ಣಾಗುವುದಿಲ್ಲ. ಮಡಕೆ ಒಡೆಯಬಹುದು, ಅದರ ಚೂರು ಮಾತ್ರ ಎರಡು ಸಾವಿರ ವರ್ಷ ನೆಲದೊಳಗೆ ಹಾಗೆಯೇ ಇರುತ್ತದೆ. ಪುರಾತತ್ವಜ್ಞರಿಗೆ ಮಡಕೆಗಿಂತ ನಂಬಿಕಸ್ಥ ಸಾಕ್ಷಿ ಕಡಿಮೆ.

ಇನ್ನು ರೋಮನ್ನರ ಸ್ಮಶಾನಗಳ ಕಡೆಗೆ ಹೋಗೋಣ. ಕ್ರಿ.ಪೂ. 5ನೆಯ ಶತಮಾನದ ‘ಹನ್ನೆರಡು ಫಲಕಗಳ ಕಾನೂನು’ ರೋಮನ್ನರ ಅತಿ ಹಳೆಯ ಲಿಖಿತ ಶಾಸನ. ನಗರದ ಒಳಗೆ ಹೆಣವನ್ನು ಹೂಳಬಾರದು, ಸುಡಲೂಬಾರದು ಎಂದು ಅದು ವಿಧಿಸಿತ್ತು. ಆದ್ದರಿಂದ ಸಮಾಧಿಗಳೆಲ್ಲ ಊರ ಹೊರಗೆ, ಹೆದ್ದಾರಿಗಳ ಎರಡೂ ಪಕ್ಕದಲ್ಲಿ ಸಾಲುಗಟ್ಟಿದವು. ರೋಮ್ ನಗರದಿಂದ ದಕ್ಷಿಣಕ್ಕೆ ಹೊರಟ ಅಪ್ಪಿಯನ್ ರಸ್ತೆಯಲ್ಲಿ ಅವನ್ನು ಇಂದಿಗೂ ನೋಡಬಹುದು. ಊರಿಗೆ ಬರುವವರು ಮೊದಲು ಸತ್ತವರ ಬೀದಿಯನ್ನು ಹಾದು, ಆಮೇಲೆ ಬದುಕಿದವರ ಬೀದಿಗೆ ಬರುತ್ತಿದ್ದರು.

ಕ್ರಿಸ್ತಶಕದ ಆರಂಭದ ಹೊತ್ತಿಗೆ ರೋಮ್ ನಗರದಲ್ಲಿ ಹೆಣವನ್ನು ಸುಡುವುದೇ ವಾಡಿಕೆ. 2 ಮತ್ತು 3ನೆಯ ಶತಮಾನಗಳಲ್ಲಿ ನಿಧಾನವಾಗಿ ಹೂಳುವ ಪದ್ಧತಿ ಬಲವಾಯಿತು. ಸುಟ್ಟ ನಂತರ ಮನೆಯವರು ಚಿತೆಯಿಂದ ಮೂಳೆಗಳನ್ನು ಆರಿಸಿ ಒಂದು ಪಾತ್ರೆಗೆ ತುಂಬುತ್ತಿದ್ದರು. ನಮ್ಮಲ್ಲಿಯ ಅಸ್ಥಿಸಂಚಯನ ನಿಮಗೆ ನೆನಪಾಗಬಹುದು. ಆದರೆ ಹೋಲಿಕೆ ಕಂಡಲ್ಲೆಲ್ಲ ಒಬ್ಬರು ಇನ್ನೊಬ್ಬರಿಂದ ಕಲಿತರೆಂದು ತಿಳಿಯಬೇಡಿ. ಸಾವಿನ ಮುಂದೆ ನಿಂತ ಮನುಷ್ಯರು ಬೇರೆ ಬೇರೆ ದೇಶಗಳಲ್ಲಿ ತಾವಾಗಿಯೇ ಒಂದೇ ಬಗೆಯ ಕೆಲಸ ಮಾಡಿರಬಹುದು.

ಮೂಳೆ ತುಂಬಿದ ಆ ಪಾತ್ರೆ ಯಾವುದು? ಸಿರಿವಂತರಾದರೆ ಕೆತ್ತಿದ ಅಮೃತಶಿಲೆಯ ಕರಂಡ ಅಥವಾ ಗಾಜಿನ ಭರಣಿ. ಸಾಮಾನ್ಯರಿಗೆ ಅಡುಗೆಮನೆಯ ಮಡಕೆ. ಲ್ಯಾಟಿನ್ ಭಾಷೆಯಲ್ಲಿ ‘ಓಲ್ಲಾ’ ಎಂದು ಕರೆಯುವ ದುಂಡು ಹೊಟ್ಟೆಯ ಮಡಕೆಯಲ್ಲಿ ಗಂಜಿಯೂ ಬೇಯುತ್ತಿತ್ತು, ಮನೆಯ ಹಿರಿಯರ ಚಿತಾಭಸ್ಮವೂ ಸೇರುತ್ತಿತ್ತು. ರೋಮ್ ನಗರದಲ್ಲಿ ಇಂಥ ನೂರಾರು ಮಡಕೆಗಳನ್ನು ಒಂದೇ ಕಟ್ಟಡದ ಗೋಡೆಗೂಡುಗಳಲ್ಲಿ ಸಾಲಾಗಿ ಹುಗಿದಿಡುತ್ತಿದ್ದರು. ನೋಡಲು ಪಾರಿವಾಳದ ಗೂಡಿನಂತೆ ಇರುವುದರಿಂದ ಅದಕ್ಕೆ ‘ಕೊಲಂಬೇರಿಯಂ’, ಅಂದರೆ ಪಾರಿವಾಳದ ಮನೆ, ಎಂದು ಹೆಸರು.

ಬಡವನ ಅಂತ್ಯಕ್ರಿಯೆಗೆ ಹಣ ಎಲ್ಲಿಂದ ಬರಬೇಕು? ಅದಕ್ಕಾಗಿ ಸಂಘಗಳಿದ್ದವು. ರೋಮಿನ ದಕ್ಷಿಣಕ್ಕಿರುವ ಲನುವಿಯಂ ಎಂಬ ಊರಿನಲ್ಲಿ ಕ್ರಿ.ಶ. 136ರ ಒಂದು ಶಾಸನ ಸಿಕ್ಕಿದೆ. ಅದರಲ್ಲಿ ಇಂಥ ಸಂಘವೊಂದರ ನಿಯಮಗಳಿವೆ. ಸೇರುವಾಗ 100 ಸೆಸ್ಟರ್ಸ್ ನಾಣ್ಯ, ಜೊತೆಗೆ ಒಂದು ಆಂಫೊರಾ ಒಳ್ಳೆಯ ದ್ರಾಕ್ಷಾರಸ ಕೊಡಬೇಕು. ಆಮೇಲೆ ತಿಂಗಳಿಗೆ 5 ಆಸ್, ಅಂದರೆ ಒಂದೂಕಾಲು ಸೆಸ್ಟರ್ಸ್. ಸದಸ್ಯ ತೀರಿಕೊಂಡರೆ ಸಂಘ 300 ಸೆಸ್ಟರ್ಸ್ ಖರ್ಚು ಮಾಡುತ್ತದೆ. ಅದರಲ್ಲಿ 50ನ್ನು ಚಿತೆಯ ಬಳಿಗೆ ಬಂದವರಿಗೆ ಹಂಚಲಾಗುತ್ತದೆ. ಗುಲಾಮರೂ ಸದಸ್ಯರಾಗಬಹುದಿತ್ತು. ಗುಲಾಮನೊಬ್ಬ ಬಿಡುಗಡೆ ಹೊಂದಿದರೆ ಅವನು ಇನ್ನೊಂದು ಆಂಫೊರಾ ದ್ರಾಕ್ಷಾರಸ ಕೊಡಬೇಕು! ಅನಾಥ ಹೆಣವಾಗಬಾರದು ಎಂಬ ಒಂದೇ ಆಸೆಗಾಗಿ ದುಡಿಯುವ ಜನ ತಿಂಗಳು ತಿಂಗಳು ಕಾಸು ಕೂಡಿಸಿದರು ಎಂಬುದನ್ನು ಗಮನಿಸಿ.

ಆಂಫೊರಾ ಎಂಬ ಮಾತು ಬಂತು. ಎರಡು ಹಿಡಿ, ಕಿರಿದಾದ ಕೊರಳು, ಉದ್ದನೆಯ ದೇಹ ಇರುವ ದೊಡ್ಡ ಮಣ್ಣಿನ ಜಾಡಿ ಇದು. ದ್ರಾಕ್ಷಾರಸ, ಆಲಿವ್ ಎಣ್ಣೆ, ಮೀನಿನ ರಸ ಎಲ್ಲವೂ ಹಡಗಿನಲ್ಲಿ ಸಾಗುತ್ತಿದ್ದುದು ಇದರಲ್ಲೇ. ಸರಕು ಮುಗಿದ ಮೇಲೆ ಖಾಲಿ ಜಾಡಿಗೆ ಹೆಚ್ಚು ಬೆಲೆಯಿಲ್ಲ. ರೋಮಿನ ಬಂದರುಗಳಾದ ಓಸ್ಟಿಯಾ ಮತ್ತು ಪೋರ್ಟುಸ್ ನಡುವೆ ‘ಈಸೋಲಾ ಸಾಕ್ರಾ’ ಎಂಬ ಸ್ಥಳವಿದೆ. ಇಟಲಿಯ ಗ್ವೀಡೋ ಕಾಲ್ಸಾ ಅವರು 1920 ಮತ್ತು 30ರ ದಶಕಗಳಲ್ಲಿ ಅಲ್ಲಿ ಉತ್ಖನನ ನಡೆಸಿದರು. ಮನೆಗಳಂತೆ ಬಾಗಿಲಿರುವ ಇಟ್ಟಿಗೆಯ ಸಮಾಧಿಗಳ ಸಾಲು ಬೆಳಕಿಗೆ ಬಂತು. ಅವುಗಳಲ್ಲೊಂದು ಸ್ಕ್ರಿಬೋನಿಯಾ ಆಟಿಕೆ ಎಂಬ ಸೂಲಗಿತ್ತಿ ಕಟ್ಟಿಸಿದ್ದು. ಆಕೆ ಹೆರಿಗೆ ಮಾಡಿಸುತ್ತಿರುವ ದೃಶ್ಯ ಬಾಗಿಲ ಬಳಿಯ ಸುಟ್ಟಮಣ್ಣಿನ ಫಲಕದಲ್ಲಿದೆ. ಆಕೆಯ ಗಂಡ ವೈದ್ಯ. ಅವನು ರೋಗಿಯ ಕಾಲಿಗೆ ಚಿಕಿತ್ಸೆ ಮಾಡುತ್ತಿರುವ ಫಲಕವೂ ಅಲ್ಲಿದೆ.

ಈ ಅನುಕೂಲಸ್ಥರ ಸಮಾಧಿಗಳ ನಡುವಣ ಖಾಲಿ ಜಾಗದಲ್ಲಿ ಬಡವರನ್ನು ಹೂಳಲಾಗಿತ್ತು. ಅವರಿಗೆ ಗೋಡೆಯಿಲ್ಲ, ಬಾಗಿಲಿಲ್ಲ, ಹೆಸರಿಲ್ಲ. ನೆಲದಿಂದ ಆಂಫೊರಾದ ಕೊರಳು ಮಾತ್ರ ಮೇಲಕ್ಕೆ ಚಾಚಿಕೊಂಡಿತ್ತು. ಅದೇ ಗುರುತಿನ ಕಲ್ಲು. ಅಷ್ಟೇ ಅಲ್ಲ, ಆ ಕೊರಳಿನ ಮೂಲಕ ದ್ರಾಕ್ಷಾರಸವನ್ನೋ ನೀರನ್ನೋ ಕೆಳಗಿನ ಸತ್ತವರಿಗೆ ಎರೆಯಬಹುದಿತ್ತು. ಬಂದರಿನಲ್ಲಿ ಬಿಸಾಡಿದ ಒಂದು ಜಾಡಿ ಇಬ್ಬರು ಮನುಷ್ಯರ ನಡುವಿನ ದಾರಿಯಾಯಿತು.

ಈಗ ಗೋರಿಯ ಒಳಗೆ ನೋಡೋಣ. ಮೂಳೆಯ ಮಡಕೆಯ ಸುತ್ತ ಸಾಮಾನ್ಯವಾಗಿ ಏನಿರುತ್ತದೆ? ದ್ರಾಕ್ಷಾರಸ ಬಗ್ಗಿಸುವ ಹಿಡಿಯುಳ್ಳ ಹೂಜಿ, ಕುಡಿಯುವ ಬಟ್ಟಲು, ಊಟದ ತಟ್ಟೆ. ಕೆಲವೊಮ್ಮೆ ತಟ್ಟೆಯಲ್ಲಿ ಕೋಳಿಯ ಅಥವಾ ಹಂದಿಯ ಮೂಳೆಯೂ ಇರುತ್ತದೆ. ಒಂದು ಮಣ್ಣಿನ ಹಣತೆ. ದೋಣಿಯವನಿಗೆ ಕೂಲಿಯೆಂದು ಒಂದು ನಾಣ್ಯ. ಸತ್ತವರನ್ನು ಪಾತಾಳದ ನದಿ ದಾಟಿಸುವವನು ಕೇರನ್ ಎಂಬ ಅಂಬಿಗ ಎಂದು ಕಥೆ. ಇವುಗಳ ಜೊತೆ ಉದ್ದ ಕೊರಳಿನ ಪುಟ್ಟ ಕುಡಿಕೆಗಳೂ ಸಿಗುತ್ತವೆ. ಇವುಗಳಲ್ಲಿ ದುಃಖಿಸುವವರ ಕಣ್ಣೀರನ್ನು ಹಿಡಿದಿಡುತ್ತಿದ್ದರೆಂದು ಹಿಂದಿನ ಕಾಲದ ಸಂಗ್ರಾಹಕರು ನಂಬಿ, ‘ಕಣ್ಣೀರಿನ ಕುಡಿಕೆ’ ಎಂದು ಹೆಸರಿಟ್ಟರು. ಕಲ್ಪನೆ ಸೊಗಸಾಗಿದೆ, ಆದರೆ ನಿಜವಲ್ಲ. ಅವು ಸುಗಂಧ ತೈಲದ ಕುಡಿಕೆಗಳು. ಹೆಣಕ್ಕೆ ಹಚ್ಚಲು, ಚಿತೆಗೆ ಸುರಿಯಲು, ಮೂಳೆಗಳಿಗೆ ಎರೆಯಲು ಪರಿಮಳದ ಎಣ್ಣೆ ಬೇಕಾಗುತ್ತಿತ್ತು. ಸುಂದರವಾದ ವಿವರಣೆಯೆಲ್ಲ ಸತ್ಯವಾಗಿರಬೇಕಾಗಿಲ್ಲ ಎಂಬ ಪಾಠವೂ ಈ ಕುಡಿಕೆಗಳಲ್ಲಿದೆ.

ಹೂಜಿ, ಬಟ್ಟಲು, ತಟ್ಟೆ: ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡಿ. ಇದು ಒಬ್ಬರಿಗೆ ಬಡಿಸಿದ ಊಟ. ರೋಮನ್ನರಲ್ಲಿ ಅಂತ್ಯಕ್ರಿಯೆಯ ದಿನವೂ ಒಂಬತ್ತನೆಯ ದಿನವೂ ಸಮಾಧಿಯ ಬಳಿ ಊಟದ ಪದ್ಧತಿ ಇತ್ತು. ಪ್ರತಿ ವರ್ಷ ಫೆಬ್ರುವರಿ 13ರಿಂದ 21ರವರೆಗೆ ‘ಪರೆಂಟಾಲಿಯಾ’ ಎಂಬ ಹಿರಿಯರ ಹಬ್ಬ ನಡೆಯುತ್ತಿತ್ತು. ಆಗ ಮನೆಯವರು ಸಮಾಧಿಗೆ ಹೋಗಿ ಎಡೆ ಇಟ್ಟು ಬರುತ್ತಿದ್ದರು. ಆ ಹಬ್ಬವನ್ನು ವರ್ಣಿಸುವ ಕವಿ ಓವಿಡ್, ಸತ್ತವರು ಕೇಳುವುದು ಬಹಳ ಸ್ವಲ್ಪ ಎನ್ನುತ್ತಾನೆ. ಒಂದಿಷ್ಟು ಕಾಳು, ಚಿಟಿಕೆ ಉಪ್ಪು, ದ್ರಾಕ್ಷಾರಸದಲ್ಲಿ ನೆನೆಸಿದ ರೊಟ್ಟಿ, ಕೆಲವು ಬಿಡಿಹೂ ಸಾಕು. ಅದನ್ನು ಒಂದು ಮಡಕೆ ಚೂರಿನಲ್ಲಿ ಇಟ್ಟರೂ ನಡೆಯುತ್ತದೆ ಎಂಬುದು ಅವನ ಮಾತಿನ ತಾತ್ಪರ್ಯ. ಕವಿಯ ಮಾತಿಗೂ ನೆಲದಲ್ಲಿ ಸಿಕ್ಕ ವಸ್ತುವಿಗೂ ಎಷ್ಟು ಹೊಂದಿಕೆ ಇದೆ ನೋಡಿ.

ಹಾಗಾದರೆ ಸತ್ತವರು ಬೇರೆ ಲೋಕದಲ್ಲಿ ಉಣ್ಣುತ್ತಾರೆಂದು ಎಲ್ಲ ರೋಮನ್ನರೂ ನಂಬಿದ್ದರೇ? ಹಾಗೆ ಹೇಳಲು ಬರುವುದಿಲ್ಲ. ಮೊದಲು ನಾನು ಇರಲಿಲ್ಲ, ಆಮೇಲೆ ಇದ್ದೆ, ಈಗ ಇಲ್ಲ, ಅದಕ್ಕಾಗಿ ನನಗೆ ಚಿಂತೆಯೂ ಇಲ್ಲ ಎಂಬ ಅರ್ಥದ ಬರಹ ಅನೇಕ ರೋಮನ್ ಸಮಾಧಿಗಳ ಮೇಲಿದೆ. ಸಾವಿನ ನಂತರ ಏನೂ ಇಲ್ಲ ಎನ್ನುವವರ ಬಂಧುಗಳೂ ವಾಡಿಕೆಯಂತೆ ಹಣತೆ, ಬಟ್ಟಲು ಇಟ್ಟಿರಬಹುದು. ಗೋರಿಯೊಳಗಿನ ಪಾತ್ರೆಯನ್ನು ಇಟ್ಟವರು ಸತ್ತವರಲ್ಲ, ಬದುಕಿದ್ದವರು. ಆದ್ದರಿಂದ ಅದು ಮೊದಲು ಹೇಳುವುದು ಬದುಕಿದ್ದವರ ವಿಷಯವನ್ನು: ಅವರ ಪ್ರೀತಿ, ಭಯ, ಕರ್ತವ್ಯ, ಅವರ ಕೈಯಲ್ಲಿದ್ದ ಕಾಸು. ಈ ಮಾತನ್ನು ನೆನಪಿಡಿ. ಗೋರಿಯನ್ನು ಓದುವಾಗ ಇದೇ ಮುಖ್ಯ ಕೀಲಿಕೈ.

ಈ ಕೀಲಿಕೈಯಿಂದ ಒಂದು ಒಗಟನ್ನು ಬಿಡಿಸಲು ಪ್ರಯತ್ನಿಸೋಣ. ಗೋರಿಗಳಲ್ಲಿ ಸಿಗುವ ಪಾತ್ರೆಗಳಲ್ಲಿ ಕೆಲವು ಆವಿಗೆಯಲ್ಲೇ ಸೊಟ್ಟಗಾದವು. ಕೆಲವುಗಳ ಅಂಚು ಮುರಿದಿದೆ. ಇನ್ನು ಕೆಲವಕ್ಕೆ ಬೇಕೆಂದೇ ತೂತು ಕೊರೆದಿದ್ದಾರೆ. ಏಕೆ? ಹೇಗಿದ್ದರೂ ಮಣ್ಣಿಗೆ ಹೋಗುವುದು ತಾನೆ ಎಂದು ಅಗ್ಗದ ಮಾಲು ತಂದರೇ? ಅಥವಾ ಸತ್ತವರಿಗೆ ಕೊಟ್ಟದ್ದು ಮತ್ತೆ ಬದುಕಿದವರ ಬಳಕೆಗೆ ಬರಬಾರದು ಎಂದು ಪಾತ್ರೆಯನ್ನೂ ‘ಸಾಯಿಸಿ’ದರೇ? ಸೊಟ್ಟಗಾದ ಹೂಜಿಗೆ ಮೊದಲನೆಯ ವಿವರಣೆ ಒಪ್ಪುತ್ತದೆ. ಒಳ್ಳೆಯ ತಟ್ಟೆಗೆ ಎಚ್ಚರದಿಂದ ಕೊರೆದ ತೂತಿಗೆ ಎರಡನೆಯದು ಒಪ್ಪುತ್ತದೆ. ಪ್ರತಿ ಗೋರಿಯನ್ನೂ ಬೇರೆಯಾಗಿಯೇ ಪರೀಕ್ಷಿಸಬೇಕು.

ಎಳೆಯ ಮಕ್ಕಳ ಗೋರಿಗಳು ಇನ್ನೊಂದು ಬಗೆ. ಹಲ್ಲು ಬರುವ ಮೊದಲೇ ತೀರಿಕೊಂಡ ಮಗುವನ್ನು ಸುಡುವ ವಾಡಿಕೆಯಿಲ್ಲ ಎಂದು ರೋಮನ್ ಲೇಖಕ ಪ್ಲಿನಿ ಬರೆದಿದ್ದಾನೆ. ಅಂಥ ಕೂಸುಗಳನ್ನು ಅನೇಕ ಕಡೆ ಆಂಫೊರಾದ ಹೊಟ್ಟೆಯನ್ನು ಕೊಯ್ದು, ಒಳಗೆ ಮಲಗಿಸಿ, ಮತ್ತೆ ಮುಚ್ಚಿ ಹೂಳುತ್ತಿದ್ದರು. ಕೆಲವು ಮಕ್ಕಳ ಗೋರಿಗಳಲ್ಲಿ ಪಕ್ಕಕ್ಕೆ ಸಣ್ಣ ಕೊಳವೆಯಿರುವ ಮಣ್ಣಿನ ಹಾಲುಕುಡಿಕೆ ಸಿಕ್ಕಿದೆ. ನಮ್ಮ ಮನೆಗಳಲ್ಲಿ ಕೂಸಿಗೆ ಹಾಲು ಕುಡಿಸುವ ಒಳಲೆಯ ಕೆಲಸವನ್ನೇ ಅದು ಮಾಡುತ್ತಿತ್ತು. ಪ್ರಾಚೀನ ಕಾಲದ ತಾಯಂದಿರಿಗೆ ಮಕ್ಕಳ ಸಾವು ಮಾಮೂಲಾಗಿತ್ತು, ಅವರಿಗೆ ಅಷ್ಟು ದುಃಖವಾಗುತ್ತಿರಲಿಲ್ಲ ಎಂದು ಯಾರಾದರೂ ಹೇಳಿದರೆ ಈ ಕುಡಿಕೆಯನ್ನು ನೆನೆಯಿರಿ.

ಇನ್ನು ಕಾಲನಿರ್ಣಯದ ವಿಷಯ. ಗೋರಿಯ ಮೇಲೆ ಇಸವಿ ಬರೆದಿರುವುದಿಲ್ಲ. ಆದರೂ ವಿದ್ವಾಂಸರು ಅದರ ಕಾಲವನ್ನು ಅಂದಾಜು ಮಾಡುತ್ತಾರೆ. ಇದಕ್ಕೆ ಬಹಳ ನೆರವಾಗುವುದು ‘ಟೆರ್ರಾ ಸಿಗಿಲ್ಲಾಟಾ’ ಎಂಬ ಹೊಳಪಿನ ಕೆಂಪು ಪಾತ್ರೆ. ಕ್ರಿ.ಪೂ. 1ನೆಯ ಶತಮಾನದ ಕೊನೆಯ ಭಾಗದಲ್ಲಿ ಇಟಲಿಯ ಅರೆಟ್ಸೋ ಎಂಬ ಊರು ಇದಕ್ಕೆ ಹೆಸರಾಯಿತು. ಆಮೇಲೆ ಇಂದಿನ ಫ್ರಾನ್ಸಿನ ಲಾ ಗ್ರೋಫೆಸಾಂಕ್, ಲೆಜೂ ಮುಂತಾದ ಊರುಗಳು ಮುಂದೆ ಬಂದವು. ಲಾ ಗ್ರೋಫೆಸಾಂಕಿನ ಕುಂಬಾರರು ಒಂದೇ ಆವಿಗೆಯನ್ನು ಹಂಚಿಕೊಂಡು, ಯಾರ ಪಾತ್ರೆ ಎಷ್ಟು ಎಂದು ತಟ್ಟೆಗಳ ಮೇಲೆ ಗೀಚಿ ಲೆಕ್ಕ ಇಟ್ಟಿದ್ದಾರೆ. ಒಮ್ಮೆ ಬೆಂಕಿ ಹಾಕಿದರೆ ಸುಮಾರು 30,000 ಪಾತ್ರೆಗಳು ಬೇಯುತ್ತಿದ್ದವೆಂದು ಅಂಥ ಲೆಕ್ಕಗಳಿಂದ ಗೊತ್ತಾಗುತ್ತದೆ. ಅನೇಕ ಪಾತ್ರೆಗಳ ತಳದಲ್ಲಿ ಕುಂಬಾರನ ಹೆಸರಿನ ಮುದ್ರೆಯೂ ಇರುತ್ತದೆ. 1895ರಲ್ಲಿ ಹಾನ್ಸ್ ಡ್ರಾಗೆನ್‌ಡಾರ್ಫ್ ಎಂಬ ವಿದ್ವಾಂಸ ಈ ಪಾತ್ರೆಗಳ ಆಕಾರಗಳಿಗೆ ಕ್ರಮಸಂಖ್ಯೆ ಕೊಟ್ಟ. ಆ ಸಂಖ್ಯೆಗಳು ಇಂದಿಗೂ ಬಳಕೆಯಲ್ಲಿವೆ. ಯಾವ ಆಕಾರ, ಯಾವ ಕುಂಬಾರ ಎಂದು ತಿಳಿದರೆ ಕಾಲ ಸರಿಸುಮಾರಾಗಿ ತಿಳಿಯುತ್ತದೆ. ಆದರೆ ಅಜ್ಜಿಯ ಕಾಲದ ಬಟ್ಟಲನ್ನು ಮೊಮ್ಮಗಳ ಗೋರಿಗೆ ಇಟ್ಟಿರಲೂಬಹುದು. ಆದ್ದರಿಂದ ಪಾತ್ರೆ ಹೇಳುವುದು ‘ಈ ಕಾಲಕ್ಕಿಂತ ಮೊದಲಲ್ಲ’ ಎಂಬುದನ್ನು ಮಾತ್ರ. ಗೋರಿಯಲ್ಲಿರುವ ಎಲ್ಲ ವಸ್ತುಗಳಲ್ಲಿ ಅತಿ ಈಚಿನದು ಯಾವುದೋ ಅದೇ ಲೆಕ್ಕಕ್ಕೆ ಬರುತ್ತದೆ.

ಈ ಕೆಂಪು ಪಾತ್ರೆಗೂ ನಮ್ಮ ಕರ್ನಾಟಕಕ್ಕೂ ಒಂದು ನಂಟು ಇದೆ ಎಂದರೆ ನಿಮಗೆ ಆಶ್ಚರ್ಯವಾಗಬಹುದು. ಅರೆಟ್ಸೋ ಪಾತ್ರೆಗಳು ಹಡಗೇರಿ ಪುದುಚೇರಿಯ ಬಳಿಯ ಅರಿಕಮೇಡು ಬಂದರಿಗೆ ಬಂದಿದ್ದವು. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಆಗಿನ ಮಹಾನಿರ್ದೇಶಕ ಮಾರ್ಟಿಮರ್ ವೀಲರ್ 1945ರಲ್ಲಿ ಅಲ್ಲಿ ಅಗೆದಾಗ, ಅವುಗಳ ಚೂರುಗಳ ಜೊತೆಯಲ್ಲಿ ಒಳಗೆ ಚುಕ್ಕೆಗೆರೆಗಳ ವೃತ್ತವಿರುವ ಇನ್ನೊಂದು ಬಗೆಯ ತಟ್ಟೆಗಳೂ ಸಿಕ್ಕವು. ಈ ಚುಕ್ಕೆಗೆರೆಯ ತಟ್ಟೆಗಳು ಭಾರತದಲ್ಲೇ ತಯಾರಾದವೆಂದು ಇಂದು ವಿದ್ವಾಂಸರ ಮತ. ಇಟಲಿಯ ಚೂರುಗಳ ಕಾಲ ಗೊತ್ತಿತ್ತು, ಅದರಿಂದ ತಟ್ಟೆಗಳ ಕಾಲ ಗೊತ್ತಾಯಿತು. 1947ರಲ್ಲಿ ವೀಲರ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ ಮತ್ತು ಚಂದ್ರವಳ್ಳಿಗಳಲ್ಲಿ ಅಗೆದರು. ಅದೇ ಚುಕ್ಕೆಗೆರೆಯ ತಟ್ಟೆಗಳು ಬ್ರಹ್ಮಗಿರಿಯ ಮೇಲಿನ ಪದರದಲ್ಲಿ ಕಂಡವು. ಚಂದ್ರವಳ್ಳಿಯಲ್ಲಿ ರೋಮ್ ಚಕ್ರವರ್ತಿ ಟೈಬೀರಿಯಸನ ಬೆಳ್ಳಿ ನಾಣ್ಯವೇ ದೊರೆಯಿತು. ಬ್ರಹ್ಮಗಿರಿಯ ಕಲ್ಲುವೃತ್ತದ ಗೋರಿಗಳಲ್ಲಿ ಕಪ್ಪು-ಕೆಂಪು ಮಡಕೆಗಳೂ ಕಬ್ಬಿಣದ ಆಯುಧಗಳೂ ಇದ್ದವು. ಅವುಗಳ ಕಾಲವನ್ನು ಗೊತ್ತುಮಾಡಲು ವೀಲರ್ ಹಿಡಿದ ಎಳೆಯ ಇನ್ನೊಂದು ತುದಿ ಇಟಲಿಯ ಕುಂಬಾರನ ಕೈಯಲ್ಲಿತ್ತು! ಮುಂದೆ ಇಂಗಾಲದ ಕಾಲನಿರ್ಣಯ ಬಂದ ಮೇಲೆ ದಕ್ಷಿಣ ಭಾರತದ ಇಂಥ ಗೋರಿಗಳ ಆರಂಭ ವೀಲರ್ ಊಹಿಸಿದ್ದಕ್ಕಿಂತ ಬಹಳ ಹಿಂದಕ್ಕೆ ಹೋಯಿತು. ಆದರೂ ಪದರದಿಂದ ಪದರಕ್ಕೆ ಎಳೆ ಹಿಡಿದು ಸಾಗುವ ಆ ವಿಧಾನವನ್ನು ವಿದ್ಯಾರ್ಥಿಗಳು ಇಂದಿಗೂ ಕಲಿಯುತ್ತಾರೆ.

ವಿಜ್ಞಾನ ಬೆಳೆದಂತೆ ಹಳೆಯ ಮಡಕೆ ಹೊಸ ಮಾತು ಹೇಳುತ್ತದೆ. ಇಂಗ್ಲೆಂಡಿನ ಕಾಲ್ಚೆಸ್ಟರ್‌ನಲ್ಲಿ 1853ರಲ್ಲಿ ರೋಮನ್ ಕಾಲದ ಒಂದು ಗೋರಿ ಸಿಕ್ಕಿತು. ಅದರಲ್ಲಿ ಮೂಳೆ ತುಂಬಿದ ಒಂದು ಪಾತ್ರೆ. ಅದರ ಮೈಮೇಲೆ ಇಬ್ಬರು ಗ್ಲಾಡಿಯೇಟರ್‌ಗಳ ಕಾಳಗದ ಉಬ್ಬುಚಿತ್ರ. ಮೆಮ್ನನ್ ಮತ್ತು ವ್ಯಾಲೆಂಟೈನಸ್ ಎಂಬ ಹೆಸರುಗಳೂ ಕೊರೆದಿವೆ. ಸೋತ ವ್ಯಾಲೆಂಟೈನಸ್ ಬೆರಳೆತ್ತಿ ಶರಣು ಕೇಳುತ್ತಿದ್ದಾನೆ. ಪಾತ್ರೆ ತಯಾರಾದ ನಂತರ ಯಾರೋ ಹೆಸರು ಕೊರೆದಿರಬೇಕೆಂದು ಬಹಳ ಕಾಲ ಭಾವಿಸಲಾಗಿತ್ತು. 2023ರಲ್ಲಿ ಪ್ರಕಟವಾದ ಸಂಶೋಧನೆ ಅದನ್ನು ತಿದ್ದಿತು. ಮಣ್ಣು ಹಸಿಯಾಗಿದ್ದಾಗಲೇ ಹೆಸರು ಬರೆಯಲಾಗಿತ್ತು. ಪಾತ್ರೆ ಅಲ್ಲಿಯದೇ ಮಣ್ಣಿನದು. ಅಂದರೆ ಆ ಊರಿನಲ್ಲಿ ನಡೆದ ನಿಜವಾದ ಕಾಳಗದ ನೆನಪಿಗೆ ಅದನ್ನು ಹೇಳಿ ಮಾಡಿಸಿರಬೇಕು. ಒಳಗಿದ್ದ ಮೂಳೆಗಳು 40 ವರ್ಷ ದಾಟಿದ, ಹೊರಗಿನಿಂದ ಬಂದು ನೆಲೆಸಿದ ಗಂಡಸಿನವು ಎಂದು ಪರೀಕ್ಷೆಗಳು ಸೂಚಿಸಿದವು. ಪಾತ್ರೆಯೂ ಮೂಳೆಯೂ ಒಟ್ಟಿಗೆ ಉಳಿದದ್ದರಿಂದ 170 ವರ್ಷಗಳ ನಂತರವೂ ಇಷ್ಟನ್ನು ಕೇಳಲು ಸಾಧ್ಯವಾಯಿತು.

ಆ ಮೂಳೆಯನ್ನು ಚೆಲ್ಲಿ, ಪಾತ್ರೆಯನ್ನಷ್ಟೇ ತೊಳೆದು ಮಾರಿದ್ದರೆ? ಇಟಲಿಯಲ್ಲಿ ಗೋರಿಗಳನ್ನು ಕದ್ದು ಅಗೆಯುವವರಿಗೆ ‘ತೊಂಬರೋಲಿ’ ಎಂದೇ ಹೆಸರಿದೆ. ರೋಮನ್ನರಿಗಿಂತ ಹಿಂದಿನ ಎಟ್ರುಸ್ಕನ್ ಜನರ ಗೋರಿಯೊಂದರಿಂದ, ರೋಮ್ ಸಮೀಪದ ಚೆರ್ವೆತೆರಿಯಲ್ಲಿ, 1971ರಲ್ಲಿ ಒಂದು ಗ್ರೀಕ್ ಪಾತ್ರೆ ಕಳುವಾಯಿತು. ಯೂಫ್ರೋನಿಯಸ್ ಎಂಬ ಕಲಾವಿದ ಚಿತ್ರ ಬರೆದ ಪಾತ್ರೆ ಅದು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯ 1972ರಲ್ಲಿ 10 ಲಕ್ಷ ಡಾಲರ್ ಕೊಟ್ಟು ಅದನ್ನು ಕೊಂಡಿತು. ಬಹಳ ವರ್ಷಗಳ ವಾದವಿವಾದದ ನಂತರ 2008ರಲ್ಲಿ ಅದು ಇಟಲಿಗೆ ಮರಳಿತು. ಪಾತ್ರೆಯೇನೋ ಹಿಂದಕ್ಕೆ ಬಂತು. ಅದರ ಪಕ್ಕದಲ್ಲಿ ಏನಿತ್ತು, ಎಲ್ಲಿತ್ತು, ಹೇಗಿತ್ತು ಎಂಬುದು ಆ ಕಳ್ಳ ಅಗೆತದ ರಾತ್ರಿಯೇ ಅಳಿಸಿಹೋಗಿತ್ತು. ಅದನ್ನು ಯಾವ ನ್ಯಾಯಾಲಯವೂ ಹಿಂದಕ್ಕೆ ಕೊಡಿಸಲಾರದು.

ಮಿತ್ರರೇ, ಚಿತ್ರವಿರುವ ಪಾತ್ರೆಗೆ ಮಾರುಕಟ್ಟೆಯಲ್ಲಿ ಬೆಲೆಯಿದೆ. ಈಸೋಲಾ ಸಾಕ್ರಾದ ಬಡವನ ಜಾಡಿಗೆ ಇಲ್ಲ. ಕಳ್ಳರು ಅದನ್ನು ಒಡೆದು ಬದಿಗೆ ಎಸೆಯುತ್ತಾರೆ. ಆದರೆ ಆ ಮನುಷ್ಯ ಈ ಲೋಕದಲ್ಲಿ ಬದುಕಿದ್ದ, ಅವನಿಗಾಗಿ ಅತ್ತವರು ಇದ್ದರು ಎಂಬುದಕ್ಕೆ ಇರುವ ಒಂದೇ ದಾಖಲೆ ಅದು. ಅದನ್ನು ಒಡೆದರೆ ಅವನು ಎರಡನೆಯ ಸಲ ಸತ್ತಂತೆ.

ನಮ್ಮ ನಾಡಿನ ಹೊಲಗಳಲ್ಲಿ, ಗುಡ್ಡಗಳಲ್ಲಿ ಕಲ್ಲುವೃತ್ತಗಳೂ ಮಡಕೆ ಹುಗಿದ ಗೋರಿಗಳೂ ಇನ್ನೂ ಇವೆ. ನಿಧಿ ಇದೆಯೆಂಬ ಆಸೆಗೆ ಅವನ್ನು ಅಗೆಯುವವರೂ ಇದ್ದಾರೆ. ಇನ್ನೊಮ್ಮೆ ಉಳುಮೆಯಲ್ಲಿಯೋ ಮಳೆ ಕೊರೆದ ದಿಬ್ಬದಲ್ಲಿಯೋ ಮಡಕೆಯ ಅಂಚು ಕಂಡರೆ ಅದನ್ನು ಕಿತ್ತು ಮನೆಗೆ ತರಬೇಡಿ. ಇದ್ದಲ್ಲೇ ಬಿಡಿ. ಸ್ಥಳವನ್ನು ಗುರುತು ಮಾಡಿಕೊಂಡು ನಿಮ್ಮ ಅಧ್ಯಾಪಕರಿಗೋ ತಹಸೀಲ್ದಾರರ ಕಚೇರಿಗೋ ಪುರಾತತ್ವ ಇಲಾಖೆಗೋ ತಿಳಿಸಿ. ವಸ್ತುಸಂಗ್ರಹಾಲಯಕ್ಕೆ ಹೋದಾಗ ಕಿರೀಟ, ಕತ್ತಿಗಳ ಮುಂದೆ ನಿಂತಷ್ಟೇ ಹೊತ್ತು ಒಂದು ಸಾದಾ ಬಟ್ಟಲಿನ ಮುಂದೆಯೂ ನಿಲ್ಲಿ. ಇದನ್ನು ಮಾಡಿದವರು ಯಾರು, ಇದರಲ್ಲಿ ಉಂಡವರು ಯಾರು, ಕೊನೆಯಲ್ಲಿ ಇದನ್ನು ನೆಲದೊಳಗೆ ಇಟ್ಟ ಕೈ ಯಾರದು ಎಂಬ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿ. ಇತಿಹಾಸದ ಅಭ್ಯಾಸ ಆರಂಭವಾಗಲು ಅಷ್ಟು ಸಾಕು.